ಸಲೈನ್ ಇಳಿಯುವವರೆಗೆ ಎಳೀಬೇಡಿ

108ರಲ್ಲಿ ಕೆಲಸ ಅಂದ ಕೂಡಲೇ ಜನ ಕೇಳುವುದು ಅಪಘಾತದ ಕಥೆ. ನಮ್ಮ ಗಾಡಿ ಹೆಚ್ಚಾಗಿ ಓಡುವುದು ಹೆರಿಗೆ ನೋವಿಗೆ ಅಂದರೆ ಅವರಿಗೆ ನಿರಾಸೆ. ಆದರೆ ಶಿರಾ ಕಡೆ ಡ್ಯೂಟಿ ಬಿದ್ದವರನ್ನು ರಾಷ್ಟ್ರೀಯ ಹೆದ್ದಾರಿ 48 ಸುಮ್ಮನೆ ಬಿಡುವುದಿಲ್ಲ. ರಾತ್ರಿಯೆಲ್ಲಾ ಓಡಿಸಿಕೊಂಡು ಬಂದ ಲಾರಿ ಡ್ರೈವರ್‌ಗಳಿಗೆ ಕಣ್ಣು ಎಳೆಯುವ ಹೊತ್ತಿಗೆ ಸರಿಯಾಗಿ ನಮ್ಮ ತುಮಕೂರು ಜಿಲ್ಲೆ ಬಂದಿರುತ್ತದೆ.

ಆವತ್ತು ಬೆಳಗಿನ ಜಾವ ಕಳ್ಳಂಬೆಳ್ಳದ ಹತ್ತಿರ ಈರುಳ್ಳಿ ಲಾರಿಯೊಂದು, ಪಂಕ್ಚರ್ ಆಗಿ ನಿಂತಿದ್ದ ಇನ್ನೊಂದು ಲಾರಿಯ ಹಿಂಬದಿಗೆ ಗುದ್ದಿತ್ತು. ನಾವು ಹೋಗುವಷ್ಟರಲ್ಲಿ ಅಗ್ನಿಶಾಮಕದವರು ಕೆಲಸ ಶುರು ಮಾಡಿಯಾಗಿತ್ತು. ಚಕ್ರಕ್ಕೆ ಅಡ್ಡ ಕೊಟ್ಟಿದ್ದರು, ಬ್ಯಾಟರಿ ವೈರ್ ಬಿಚ್ಚಿದ್ದರು, ಡೀಸೆಲ್ ಸೋರಿದ್ದ ಕಡೆಗೆ ಒಬ್ಬ ಹೋಸ್ ಹಿಡಿದು ನಿಂತಿದ್ದ. ಬೆಂಕಿಯೇ ಇಲ್ಲದ ಜಾಗದಲ್ಲಿ ಇಷ್ಟು ಹೊತ್ತು ಹೋಸ್ ಹಿಡಿದು ನಿಲ್ಲುವುದು ಯಾಕೆ ಅಂತ ಸುತ್ತ ಸೇರಿದವರು ನಗುತ್ತಿದ್ದರು. ಕಬ್ಬಿಣ ಕತ್ತರಿಸುವಾಗ ಒಂದು ಕಿಡಿ ಸಾಕು ಅಂತ ಅವರಿಗೆ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಡ್ರೈವರ್‌ಗೆ ಪ್ರಜ್ಞೆ ಇತ್ತು. ಸ್ಟಿಯರಿಂಗ್, ಡ್ಯಾಶ್‌ಬೋರ್ಡ್ ಎರಡೂ ಇಳಿದು ಬಂದು ಎರಡೂ ತೊಡೆ ಸೀಟಿಗೆ ಒತ್ತಿಕೊಂಡಿದ್ದವು. ಕಿಟಕಿಯಿಂದ ತೂರಿಕೊಂಡು ಕುತ್ತಿಗೆ ಅಲುಗದ ಹಾಗೆ ಕಾಲರ್ ಹಾಕಿದೆ, ಆಕ್ಸಿಜನ್ ಮಾಸ್ಕ್ ಇಟ್ಟೆ, ಗಾಜು ಸಿಡಿದು ತಾಗದ ಹಾಗೆ ಕಂಬಳಿ ಹೊದಿಸಿದೆ. 'ಅಕ್ಕಾ, ನೀರು' ಅಂತ ಒಂದೇ ಸಮ ಕೇಳುತ್ತಿದ್ದ. ಆಪರೇಷನ್ ಆಗಬೇಕಾದವನಿಗೆ ನೀರು ಕುಡಿಸುವಂತಿಲ್ಲ. ಗಾಜ್ ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಿದರೆ ಅದನ್ನೇ ಚೀಪಲು ನೋಡಿದ. ಡೀಸೆಲ್ ವಾಸನೆ ಒಂದು ಕಡೆ, ಜಜ್ಜಿದ ಈರುಳ್ಳಿ ಘಾಟು ಒಂದು ಕಡೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಳುತ್ತಿದ್ದೀನಿ ಅಂದುಕೊಂಡು ಅವನೇ ನನಗೆ 'ಏನಾಗಲ್ಲ ಬಿಡಕ್ಕ' ಅಂದ.

ಕಬ್ಬಿಣವನ್ನು ಅಗಲಿಸುವ ಮೆಷಿನ್, ಹೈಡ್ರಾಲಿಕ್ ಸ್ಪ್ರೆಡರ್, ಬಾಗಿಲನ್ನು ಕಿತ್ತಿತು. ಇನ್ನು ಡ್ಯಾಶ್‌ಬೋರ್ಡ್ ಒಂದು ಎತ್ತಿದರೆ ಮುಗಿಯಿತು. ಅವರ ತಂಡದ ಮುಂದಾಳು, ಅಂದರೆ ಪ್ರಮುಖ ಅಗ್ನಿಶಾಮಕರು, 'ಎರಡೇ ನಿಮಿಷ ಮೇಡಂ, ಎಳ್ಕೊಂಡ್ಬಿಡ್ತೀವಿ' ಅಂದರು. ನಾನು ಬೇಡ ಅಂದೆ.

ಅವನು ಸಿಕ್ಕಿಕೊಂಡು ಆಗಲೇ ಗಂಟೆ ಮೀರಿತ್ತು. ಅಷ್ಟು ಹೊತ್ತು ರಕ್ತ ಓಡದೆ ಜಜ್ಜಿಹೋದ ಮಾಂಸಖಂಡ ಸಾಯತೊಡಗುತ್ತದೆ, ಅದರೊಳಗಿನ ಪೊಟ್ಯಾಸಿಯಂ ಹೊರಗೆ ಬಂದು ಅಲ್ಲೇ ನಿಂತಿರುತ್ತದೆ. ಭಾರ ತೆಗೆದ ತಕ್ಷಣ ಅಷ್ಟೂ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತದೆ. ಅಲ್ಲಿಯವರೆಗೆ ಮಾತಾಡುತ್ತಿದ್ದವನು ಸ್ಟ್ರೆಚರ್ ಮೇಲೆ ಮಲಗಿಸುವಷ್ಟರಲ್ಲಿ ಹೋಗಿಬಿಡಬಹುದು. ಅದಕ್ಕೇ ಬಿಡಿಸುವ ಮೊದಲು ಸಲೈನ್ ಇಳಿಯಬೇಕು. ನಮ್ಮ 108 ಕಾಲ್ ಸೆಂಟರಿನ ಡಾಕ್ಟರೂ ಫೋನಿನಲ್ಲಿ ಅದನ್ನೇ ಹೇಳಿದರು. ಆದರೆ ರಸ್ತೆಯಲ್ಲಿ ನಿಂತ ಐವತ್ತು ಜನಕ್ಕೆ ಕಂಡಿದ್ದು ಇಷ್ಟೇ: ಬೆಂಕಿಯವರು ಎಳೆಯಲು ರೆಡಿ, ಆಂಬುಲೆನ್ಸಿನವಳು ತಡೀತಿದ್ದಾಳೆ. ಬೈಗುಳ ಕಿವಿಗೆ ಬಿತ್ತು.

ಹಸಿರು ಕ್ಯಾನುಲಾ, ಅಂದರೆ ಸಲೈನ್ ಇಳಿಸುವ 18 ಗೇಜ್ ಅಳತೆಯ ನಳಿಕೆ, ಎಡಗೈಗೆ ಹಾಕಿದೆ. ಬಾಟಲಿ ನೇತುಹಾಕಲು ಕೊಕ್ಕೆ ಎಲ್ಲಿತ್ತು? ಹೋಸ್ ಹಿಡಿದವನ ಪಕ್ಕದಲ್ಲಿದ್ದ ಹುಡುಗ ತಾನಾಗಿ ಬಂದು ಬಾಟಲಿ ಇಸಿದುಕೊಂಡು ತಲೆಯ ಮೇಲೆತ್ತಿ ನಿಂತ. ಪ್ರಮುಖರು ಒಮ್ಮೆ ನನ್ನ ಮುಖ ನೋಡಿದರು, ಮೆಷಿನ್ ಆಫ್ ಮಾಡಿಸಿದರು. ಯಾಕೆ ಅಂತ ವಾದಕ್ಕೆ ನಿಲ್ಲಲಿಲ್ಲ. ನನಗೆ ಅವರ ಬಗ್ಗೆ ಗೌರವ ಬಂದಿದ್ದು ಬಾಗಿಲು ಕಿತ್ತಾಗಲ್ಲ, ಆ ಮೆಷಿನ್ ನಿಲ್ಲಿಸಿದಾಗ. ಆಮೇಲೆ ನನ್ನ ಮಾತಿಗೆ ಕಾದು ಡ್ಯಾಶ್‌ಬೋರ್ಡನ್ನು ಸ್ವಲ್ಪ ಸ್ವಲ್ಪವೇ ಎತ್ತಿದರು. ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಇಳಿಸುವಾಗಲೂ ಅವನು ನೀರು ಕೇಳುತ್ತಲೇ ಇದ್ದ.

ಅಮೆರಿಕದ ಎಷ್ಟೋ ಊರುಗಳಲ್ಲಿ ಈ ಎರಡೂ ಕೆಲಸಕ್ಕೆ ಒಬ್ಬರೇ: ಬೆಂಕಿ ಆರಿಸುವವರೇ ಪ್ಯಾರಾಮೆಡಿಕ್, ಸಂಬಳ ಕೊಡುವುದು ಒಂದೇ ಇಲಾಖೆ. ನಮ್ಮಲ್ಲಿ ಅಗ್ನಿಶಾಮಕ ಅಂದರೆ ಎಸ್ಸೆಸ್ಸೆಲ್ಸಿ ಮೇಲೆ ದೈಹಿಕ ಪರೀಕ್ಷೆ, ಲಿಖಿತ ಪರೀಕ್ಷೆ, ತರಬೇತಿ, ಕಾಯಂ ಸರ್ಕಾರಿ ನೌಕರಿ. ನಾನು ಜಿಎನ್‌ಎಂ ನರ್ಸಿಂಗ್ ಓದಿ ಇಎಂಟಿ, ಅಂದರೆ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವವಳು, ಆದವಳು; ಗುತ್ತಿಗೆ ನೌಕರಿ. 2008ರಲ್ಲಿ 108 ಶುರುವಾದಾಗಿನಿಂದ ಇದು ಹೀಗೇ. 'ಇಎಂಟಿ ಅಂದ್ರೆ ಏನಮ್ಮಾ?' ಅಂತ ನಮ್ಮ ಊರಿನವರು ಇವತ್ತಿಗೂ ಕೇಳುತ್ತಾರೆ. ಫೈರ್‌ಮನ್ ಅಂದರೆ ಹೆಣ್ಣು ಕೊಡಲು ಮುಂದೆ ಬರುತ್ತಾರೆ. ಹೊಟ್ಟೆಕಿಚ್ಚು ಇಲ್ಲ ಅಂದರೆ ಸುಳ್ಳು. ಹಾಗಂತ ಇಬ್ಬರನ್ನೂ ಒಬ್ಬರನ್ನಾಗಿ ಮಾಡಬೇಕು ಅಂತಲೂ ನನಗೆ ಅನಿಸುವುದಿಲ್ಲ. ಬೇಸಿಗೆಯಲ್ಲಿ ರಾಗಿ ಹುಲ್ಲಿನ ಬಣವೆ, ತೆಂಗಿನ ನಾರಿನ ಫ್ಯಾಕ್ಟರಿ ಅಂತ ಅವರು ದಿನವಿಡೀ ಬೇಯುತ್ತಾರೆ. ಅದರ ಮೇಲೆ ಹೆರಿಗೆಯನ್ನೂ ಹೊರಿಸುವುದಾ?

ಆದರೆ ಒಟ್ಟಿಗೆ ಅಭ್ಯಾಸ ಮಾಡಬಹುದಲ್ಲ? ಇಬ್ಬರೂ ಮೊದಲ ಸಲ ಭೇಟಿಯಾಗುವುದು ಡ್ರೈವರ್ ಸಿಕ್ಕಿಕೊಂಡ ಕ್ಯಾಬಿನ್ ಮುಂದೆಯೇ ಆಗಬೇಕಾ? ವಾರದ ನಂತರ ಠಾಣೆಗೆ ಹೋಗಿ ಆ ಪ್ರಮುಖರನ್ನೇ ಕೇಳಿದೆ. ಟೀ ತರಿಸಿದರು. ಕಾಲರ್ ಹಾಕುವುದನ್ನು ಹುಡುಗರಿಗೆ ತೋರಿಸಿಕೊಡಿ ಅಂದರು, ಕಟ್ಟರ್ ಎತ್ತಿ ನೋಡಿ ಅಂತ ನನ್ನ ಕೈಗೆ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದರೂ ತೋಳು ಜಗ್ಗಿತು. ಮೇಲಿನವರ ಒಪ್ಪಿಗೆ ತಾನು ಕೇಳುತ್ತೇನೆ, ಹಳೇ ಲಾರಿ ಕ್ಯಾಬಿನ್ ನೀವು ಹುಡುಕಿ ಅಂದರು. ನಮ್ಮ ಪೈಲಟ್, ಅಂದರೆ ಆಂಬುಲೆನ್ಸ್ ಡ್ರೈವರ್, ಗುಜರಿ ಅಂಗಡಿಗೆ ಹೋಗಿ ವಿಚಾರಿಸಿ ಬಂದಿದ್ದಾನೆ. ಅಂಗಡಿಯವನು ಬಾಡಿಗೆಗೆ ಕೊಡಲ್ಲವಂತೆ. ಕತ್ತರಿಸಿದ ಮೇಲೆ ವಾಪಸ್ ತಗೊಂಡು ಏನು ಮಾಡಲಿ, ಬೇಕಾದರೆ ಕೆಜಿ ಲೆಕ್ಕದಲ್ಲಿ ಕೊಂಡುಕೊಳ್ಳಿ ಅಂತ ಕೂತಿದ್ದಾನೆ.