ಕೋಡುಬಳೆ ಡಬ್ಬಿ ಮತ್ತು ನಲವತ್ತನೇ ಪುಟ

ಮದುವೆ ಮನೆಯಲ್ಲಿ ನನ್ನನ್ನು ಹುಡುಕಬೇಕಾದರೆ ಕೈ ತೊಳೆಯುವ ನಲ್ಲಿಯ ಹತ್ತಿರ ಬನ್ನಿ. ಅಲ್ಲಿ ನಿಂತವನನ್ನು ಯಾರೂ "ಮತ್ತೇನು ಸಮಾಚಾರ?" ಎಂದು ಕೇಳುವುದಿಲ್ಲ. "ಬಾಯಿ ಬಿಟ್ಟರೆ ಮುತ್ತು ಉದುರಿ ಹೋಗುತ್ತೇನೋ ಇವನಿಗೆ" ಎಂದು ತಿಪಟೂರಿನ ಅತ್ತೆ ಈಗಲೂ ಛೇಡಿಸುತ್ತಾರೆ. ನನಗೆ ಜನ ಬೇಡ ಅಂತಲ್ಲ. ಸುಮ್ಮನಿದ್ದಾಗ ಅವರ ಮುಖ ನೋಡಿ ಮಾತು ಹುಡುಕುವುದಿದೆಯಲ್ಲ, ಅದರಲ್ಲೇ ಸುಸ್ತಾಗುತ್ತೇನೆ.

ಹಾಸ್ಟೆಲ್ ಗೆಳೆಯನೊಬ್ಬನ ಜೊತೆ ಈಗಲೂ ಐವತ್ತು ಪೈಸೆಯ ಅಂಚೆ ಕಾರ್ಡು ನಡೆಯುತ್ತದೆ. ಉತ್ತರ ಬರಲು ತಿಂಗಳಾದರೂ ಇಬ್ಬರಿಗೂ ಬೇಸರವಿಲ್ಲ. ವಾಟ್ಸಾಪ್‌ನಲ್ಲಿ ಆ ಸುಖ ಎಲ್ಲಿ? ನೀಲಿ ಗೆರೆ ಎರಡು ಬಿದ್ದರೆ ತಪ್ಪಿತಸ್ಥ ನಾನೇ.

ಆಮೇಲೆ ಸಿಕ್ಕಿದ್ದು ಕಬ್ಬನ್ ರೀಡ್ಸ್. 2023ರ ಆರಂಭದಲ್ಲಿ ಶುರುವಾಗಿ, ಬೇರೆ ಊರುಗಳಿಗೂ ಹಬ್ಬಿದ ಕೂಟ ಅದು. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಚಾಪೆ ಹಾಸಿಕೊಂಡು ಜನ ಸುಮ್ನೆ ಓದುತ್ತಾರೆ. ಹೆಸರು ಬರೆಸಬೇಕಿಲ್ಲ, ದುಡ್ಡಿಲ್ಲ. ವಿಜಯನಗರದಿಂದ ನೇರಳೆ ಮೆಟ್ರೋ ಹತ್ತಿದರೆ ನೇರ ಅಲ್ಲೇ ಇಳಿಯಬಹುದು. ಆದರೂ ಮೊದಲ ಸಲ ಸ್ಟೇಷನ್ನಿನಿಂದಲೇ ವಾಪಸ್ ಬಂದೆ. ಎರಡನೇ ಸಲ ಎಲ್ಲರಿಂದ ದೂರ, ಬೇಕಾದಾಗ ಎದ್ದು ಹೋಗುವ ಹಾಗೆ ದಾರಿಯ ಅಂಚಿಗೆ ಕೂತೆ.

ಅಂಚಿನಲ್ಲಿ ಇನ್ನೊಬ್ಬರೂ ಇದ್ದರು. ಅರವತ್ತು ದಾಟಿದ ಮೇಡಂ, ಕಾಲು ಚಾಚಿ, ಮರಕ್ಕೆ ಒರಗಿ. ನಾಲ್ಕು ವಾರ ಕಣ್ಣಲ್ಲೇ ನಮಸ್ಕಾರ. ಐದನೇ ವಾರ ಪುಸ್ತಕದಿಂದ ತಲೆ ಎತ್ತದೆ ಸ್ಟೀಲ್ ಡಬ್ಬಿಯೊಂದನ್ನು ನನ್ನ ಕಡೆ ತಳ್ಳಿದರು. ಕೋಡುಬಳೆ. ಅದನ್ನು ಸದ್ದಿಲ್ಲದೆ ತಿನ್ನೋದು ಹೇಗೆ ಹೇಳಿ? ಒಂದೊಂದು ಕಡಿತಕ್ಕೂ ಪಾರ್ಕೆಲ್ಲ ತಿರುಗಿ ನೋಡಿದ ಹಾಗೆ ನನಗೆ. ಮೇಡಂ ಭುಜ ಮಾತ್ರ ನಗುವಿಗೆ ಅಲುಗುತ್ತಿತ್ತು. ಮುಂದಿನ ವಾರ ನಾನು ಸೌತೆಕಾಯಿ ಹೆಚ್ಚಿ, ಉಪ್ಪು ಖಾರ ಹಚ್ಚಿಕೊಂಡು ಹೋದೆ. ಅದೂ ಕರುಂ ಅನ್ನುತ್ತದೆ ಎಂದು ಹೊಳೆದದ್ದು ಅಲ್ಲಿ ಕೂತ ಮೇಲೆ.

ಅವರ ಹೆಸರು ಇನ್ನೂ ಕೇಳಿಲ್ಲ. ಅವರೂ ನನ್ನ ಕೆಲಸ, ಸಂಬಳ, ಮದುವೆ ಯಾವುದನ್ನೂ ಕೇಳಿಲ್ಲ. ಒಂದು ಶನಿವಾರ ಮಳೆ ಬಂದು ಇಬ್ಬರೂ ಮರದ ಕೆಳಗೆ ಒಂದೇ ಕೊಡೆಯಲ್ಲಿ ನಿಂತಿದ್ದೆವು. ಕಾಲು ಗಂಟೆ. "ಬಿಡೋ ಹಾಗೆ ಕಾಣಲ್ಲ" ಎಂದರು. "ಹೂಂ" ಎಂದೆ. ಮಾತು ಸಾಲದು ಅಂತ ಇಬ್ಬರಿಗೂ ಅನಿಸಲಿಲ್ಲ.

ಹೋದ ವಾರ ಮಾತ್ರ ಚಾಪೆ ಸುತ್ತುತ್ತಾ ಕೇಳಿದರು, "ಆರು ವಾರದಿಂದ ಇದೇ ಪುಸ್ತಕ ಅಲ್ವಾ?"

ನಲವತ್ತನೇ ಪುಟದಲ್ಲಿ ಬೆರಳಿಟ್ಟುಕೊಂಡು ಕೂತಿದ್ದ ನಾನು, ಹೌದು ಎಂದು ತಲೆಯಾಡಿಸಿದೆ.