ಸುಂಬಾದಲ್ಲಿ ಒಂದು ತುಂಡು ಜಾಗ ಸಿಗುತ್ತಾ?

ಇಂಡೋನೇಷ್ಯಾದ ಸುಂಬಾ ದ್ವೀಪದ ಫೋಟೊ ಹಾಕಿದಾಗೆಲ್ಲ ಒಂದೇ ಪ್ರಶ್ನೆ ಬರುತ್ತದೆ. "ಅಲ್ಲಿ ಜಾಗಕ್ಕೆ ಎಷ್ಟು? ನಮ್ಮಂಥವರು ಕೊಳ್ಳಬಹುದಾ? ಸಮುದ್ರದ ಪಕ್ಕ ಸಣ್ಣ ಮನೆ ಕಟ್ಟಿಕೊಂಡು ಇದ್ದುಬಿಡಬಹುದಲ್ವಾ?" ಕೇಳುವವರಲ್ಲಿ ಜಾಸ್ತಿ ಜನ ಬೆಂಗಳೂರಿನ ಸೈಟಿನ ಬೆಲೆ ನೋಡಿ ಸುಸ್ತಾದವರು. ಕೆಲವರು ದುಬೈ, ಸಿಂಗಪುರದಲ್ಲಿ ದುಡಿದು ಒಂದಿಷ್ಟು ಕೂಡಿಟ್ಟವರು. ಅವರ ಆಸೆ ನನಗೆ ಅರ್ಥವಾಗುತ್ತದೆ. ಕೈಮಗ್ಗದ ಕೆಲಸಕ್ಕಾಗಿ ಪೂರ್ವ ಸುಂಬಾದ ಒಂದು ನೇಕಾರರ ಹಳ್ಳಿಗೆ ನಾನು ಹೋಗಿ ಬರುತ್ತಿರುತ್ತೇನೆ. ಆ ಊರು ನನಗೂ ತುಂಬ ಪ್ರೀತಿಯದು. ಅದಕ್ಕೇ ಈ ಉತ್ತರವನ್ನು ಒಂದೇ ಕಡೆ, ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಸುಂಬಾ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಬಾಲಿಯಿಂದ ಪೂರ್ವಕ್ಕೆ ಹೋಗಿ, ಫ್ಲೋರೆಸ್ ದ್ವೀಪದ ದಕ್ಷಿಣಕ್ಕೆ ನೋಡಿದರೆ ಒಂಟಿಯಾಗಿ ಕಾಣುತ್ತದೆ. ಸುಂಬಾವಾ ಬೇರೆ, ಸುಂಬಾ ಬೇರೆ. ಟಿಕೆಟ್ ತೆಗೆಯುವಾಗ ಜೋಪಾನ. ವಿಸ್ತೀರ್ಣ ಸುಮಾರು 11,000 ಚದರ ಕಿ.ಮೀ., ಅಂದರೆ ಬಾಲಿಯ ಎರಡರಷ್ಟು ಹತ್ತಿರ. ಜನ ಮಾತ್ರ 8 ಲಕ್ಷದ ಆಸುಪಾಸು. ಬಾಲಿಯಲ್ಲಿ 40 ಲಕ್ಷಕ್ಕೂ ಜಾಸ್ತಿ ಇದ್ದಾರೆ. ಈ ಲೆಕ್ಕ ನೋಡಿದವರಿಗೆ "ಎಷ್ಟೊಂದು ಖಾಲಿ ಜಾಗ!" ಅನಿಸುತ್ತದೆ. ಪೂರ್ವ ಸುಂಬಾಕ್ಕೆ ಬಂದು ನಿಂತರೆ ಇನ್ನೂ ಹಾಗನಿಸುತ್ತದೆ. ಗುಡ್ಡದ ಹಿಂದೆ ಗುಡ್ಡ, ಬರೀ ಹುಲ್ಲು, ಬೇಲಿ ಇಲ್ಲ, ಅಲ್ಲಲ್ಲಿ ಮೇಯುವ ಕುದುರೆ.

ಒಂದು ಕಾಲಕ್ಕೆ ಈ ದ್ವೀಪದಲ್ಲಿ ಗಂಧದ ಮರಗಳಿದ್ದವು. ನಮ್ಮ ಮೈಸೂರು ಶ್ರೀಗಂಧದ ಜಾತಿಯೇ ಅದು. ಯುರೋಪಿನವರ ಹಳೆಯ ನಕಾಶೆಗಳಲ್ಲಿ ಇದನ್ನು ಗಂಧದ ದ್ವೀಪ ಅಂತಲೇ ಬರೆದಿದ್ದಾರೆ. ಹಡಗಿಗೆ ತುಂಬಿ ತುಂಬಿ ಮರ ಮುಗಿದೇ ಹೋಯಿತು. ಈಗ ಗಂಧದ ಹೆಸರು ಅಲ್ಲಿನ ಗಿಡ್ಡ ಕುದುರೆಗಳಿಗೆ ಉಳಿದಿದೆ. ಸ್ಯಾಂಡಲ್‌ವುಡ್ ತಳಿ ಅನ್ನುತ್ತಾರೆ. ಖಾಲಿ ಅಂತ ಕಾಣುವ ಆ ಗುಡ್ಡಗಳನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ. ಮತ್ತೆ, ಆ ಹುಲ್ಲುಗಾವಲಿಗೂ ಒಡೆಯರಿದ್ದಾರೆ.

ಈಗ ಕಾನೂನಿಗೆ ಬರೋಣ. ಇಂಡೋನೇಷ್ಯಾದ ಮೂಲ ಭೂಕಾಯ್ದೆ 1960ರದ್ದು. ಅದರ 21ನೇ ಕಲಂ ಪ್ರಕಾರ ನೆಲದ ಪೂರ್ತಿ ಒಡೆತನ, ಅಲ್ಲಿಯವರು ಹಕ್ ಮಿಲಿಕ್ ಅನ್ನುವುದು, ಆ ದೇಶದ ಪ್ರಜೆಗಳಿಗೆ ಮೀಸಲು. 26ನೇ ಕಲಂ ಇನ್ನೂ ಗಟ್ಟಿ. ನೇರವಾಗಿಯಾಗಲಿ, ಸುತ್ತು ಬಳಸಿಯಾಗಲಿ ವಿದೇಶಿಯರಿಗೆ ಒಡೆತನ ದಾಟಿಸಿದರೆ ಆ ವ್ಯವಹಾರ ಅಸಿಂಧು. ಜಾಗ ಸರ್ಕಾರಕ್ಕೆ ಹೋಗುತ್ತದೆ. ಕೊಟ್ಟ ದುಡ್ಡನ್ನು ವಾಪಸ್ ಕೇಳುವ ಹಾಗೂ ಇಲ್ಲ.

ಇದು ಸುಮ್ನೆ ಬಂದ ಕಾಯ್ದೆಯಲ್ಲ. ಆಗ ಆ ದೇಶವನ್ನು ಆಳುತ್ತಿದ್ದ ಡಚ್ಚರು 1870ರಲ್ಲಿ ಒಂದು ಕಾನೂನು ಮಾಡಿ, ತೋಟದ ಕಂಪನಿಗಳಿಗೆ 75 ವರ್ಷದವರೆಗೆ ನೆಲವನ್ನು ಗುತ್ತಿಗೆಗೆ ಕೊಡುವ ದಾರಿ ತೆರೆದಿದ್ದರು. ಅದನ್ನು ಕಿತ್ತು ಹಾಕಿ 1960ರ ಕಾಯ್ದೆ ಬಂತು. ಆಗ ಅಧ್ಯಕ್ಷರಾಗಿದ್ದವರು ಸುಕರ್ನೊ. ನಮ್ಮಲ್ಲೂ ಬೇರೆ ದೇಶದವರು ಬಂದು ಕೊಡಗಿನಲ್ಲಿ ತೋಟ ಕೊಳ್ಳುವಂತಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡ ಕನ್ನಡಿಗರೂ ಇಲ್ಲಿ ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ಇದು ಸರಿ ಅಂತ ಒಪ್ಪುವವರು ಅವರ ಕಾನೂನನ್ನೂ ಸರಿ ಅಂತ ಒಪ್ಪಬೇಕಲ್ವಾ?

ಆದರೂ ದಾರಿ ತೋರಿಸುವವರು ಸಿಗುತ್ತಾರೆ. ಊರಿನ ಯಾರದೋ ಹೆಸರಲ್ಲಿ ಕೊಳ್ಳಿ, ಒಳಗೊಳಗೆ ಇನ್ನೊಂದು ಕಾಗದ ಮಾಡಿಸಿ, ಅದರಲ್ಲಿ ನಿಜವಾದ ಮಾಲೀಕರು ನೀವೇ ಅಂತ ಬರೆಸಿ ಅನ್ನುತ್ತಾರೆ. ಬಾಲಿಯಲ್ಲಿ ಹೀಗೆ ಮಾಡಿದ ವಿದೇಶಿಯರು ಬಹಳ ಜನ ಇದ್ದಾರೆ. ದಯವಿಟ್ಟು ಮಾಡಬೇಡಿ. ಸುತ್ತು ಬಳಸಿ ಅಂತ ಕಾಯ್ದೆ ಹೇಳಿರುವುದು ಇದನ್ನೇ. ಹೆಸರು ಕೊಟ್ಟವರು ತೀರಿಕೊಂಡರೆ ಅವರ ಮಕ್ಕಳು, ತಮ್ಮಂದಿರು ಬರುತ್ತಾರೆ. ಕೋರ್ಟಿಗೆ ಹೋದರೆ ನಿಮ್ಮ ಕೈಯಲ್ಲಿರುವ ಕಾಗದವೇ ನೀವು ಕಾನೂನು ಮೀರಿದ್ದಕ್ಕೆ ಸಾಕ್ಷಿ.

ನೇರವಾದ ದಾರಿಗಳೂ ಇವೆ. ಗುತ್ತಿಗೆಗೆ ಪಡೆಯಬಹುದು. ಆ ದೇಶದಲ್ಲಿ ವಾಸದ ಪರವಾನಗಿ ಇದ್ದವರು ಹಕ್ ಪಕಾಯ್ ಅನ್ನುವ ಬಳಕೆಯ ಹಕ್ಕು ಪಡೆಯಬಹುದು. 2021ರ ನಿಯಮದ ಪ್ರಕಾರ ಸರ್ಕಾರಿ ನೆಲದ ಮೇಲಾದರೆ ಅದು ಮೊದಲು 30 ವರ್ಷ, ಮುಂದುವರಿಸಿದರೆ ಇನ್ನು 20, ನವೀಕರಿಸಿದರೆ ಮತ್ತೆ 30. ಕಂಪನಿ ಮಾಡಿಕೊಂಡು ಹೋಗುವುದಾದರೆ 1,000 ಕೋಟಿ ರುಪಿಯಾಕ್ಕೂ ಜಾಸ್ತಿ ಹೂಡಿಕೆ ತೋರಿಸಬೇಕು. ನಮ್ಮ ದುಡ್ಡಿನಲ್ಲಿ ಅದು 5 ಕೋಟಿ ದಾಟುತ್ತದೆ. ಇನ್ನು ಸಮುದ್ರದ ಪಕ್ಕದ ಮನೆ: ಉಬ್ಬರದ ನೀರು ಮುಟ್ಟುವ ಕೊನೆಯ ಗೆರೆಯಿಂದ ಕನಿಷ್ಠ 100 ಮೀಟರ್ ಬಿಡಬೇಕು ಅಂತ ನಿಯಮವಿದೆ. ಪ್ರವಾಸಿ ವೀಸಾದಲ್ಲಿ ಬರುವವರಿಗೆ ಇದ್ಯಾವುದೂ ಹೊಂದುವುದಿಲ್ಲ. ಭಾರತೀಯರಿಗೆ ವಿಮಾನ ಇಳಿದ ಮೇಲೆ ಸಿಗುವ ವೀಸಾ 30 ದಿನದ್ದು, ಅದನ್ನು ಒಂದು ಸಲ ಮುಂದುವರಿಸಬಹುದು. ಅಷ್ಟೇ.

ಆದರೆ ನಾನು ಬೇಡ ಅನ್ನುವುದು ಕಾನೂನಿಗಾಗಿ ಮಾತ್ರ ಅಲ್ಲ.

ಸುಂಬಾದ ಹಳ್ಳಿಯಲ್ಲಿ ನೆಲ ಇರುವುದು ಕುಲದ ಕೈಯಲ್ಲಿ. ಕುಲಕ್ಕೆ ಪೂರ್ವ ಸುಂಬಾದಲ್ಲಿ ಕಬಿಹು ಅನ್ನುತ್ತಾರೆ. ಎಷ್ಟೋ ಜಾಗಕ್ಕೆ ಇವತ್ತಿಗೂ ಪತ್ರ ಇಲ್ಲ. ಈ ಹಳ್ಳದಿಂದ ಆ ಕಲ್ಲಿನವರೆಗೆ ನಮ್ಮದು, ಅಲ್ಲಿಂದಾಚೆ ಅವರದು, ಹೀಗೆ ನೆನಪಿನಲ್ಲಿ ಉಳಿದ ಗಡಿಗಳು. ಮನೆಗಳ ಎದುರಿಗೇ ಸಮಾಧಿಗಳಿವೆ. ಕಲ್ಲಿನ ಕಾಲುಗಳ ಮೇಲೆ ದೊಡ್ಡ ಚಪ್ಪಡಿ. ಅದರ ಮೇಲೆ ಮಕ್ಕಳು ಕೂತು ಆಡುತ್ತಾರೆ, ಹೆಂಗಸರು ಜೋಳ ಒಣಗಿಸುತ್ತಾರೆ, ಬಣ್ಣ ಹಾಕಿದ ನೂಲು ಹರಡುತ್ತಾರೆ. ಮನೆಯ ಎತ್ತರದ ಹುಲ್ಲಿನ ಮಾಡಿನ ತುದಿಯಲ್ಲಿ ತೀರಿಹೋದ ಹಿರಿಯರಿಗೆ ಸೇರಿದ ವಸ್ತುಗಳನ್ನು ಇಟ್ಟಿರುತ್ತಾರೆ. ಈ ಹಿರಿಯರನ್ನು ನಂಬುವ ಧರ್ಮವೇ ಮಾರಾಪು. ಬಹಳ ಕಾಲ ಅದನ್ನು ಗುರುತಿನ ಚೀಟಿಯ ಧರ್ಮದ ಕಾಲಂನಲ್ಲಿ ಬರೆಸುವ ಹಾಗಿರಲಿಲ್ಲ. 2017ರಲ್ಲಿ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಇಂಥ ನಂಬಿಕೆಗಳಿಗೂ ಅಲ್ಲಿ ಜಾಗ ಸಿಕ್ಕಿತು. ಊರಿನಲ್ಲಿ ಕ್ರೈಸ್ತರೂ ಇದ್ದಾರೆ. ಚರ್ಚಿಗೆ ಹೋಗುವ ಮನೆಯವರೂ ಸಮಾಧಿಯ ಮಾತು ಬಂದರೆ ಕುಲದವರ ಜೊತೆಗೇ ಕೂರುತ್ತಾರೆ.

ಇಂಥ ಜಾಗವನ್ನು ಮಾರುವುದು ಯಾರು? ಈ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳುವುದಿಲ್ಲ. ಪೂರ್ವ ಸುಂಬಾದ ಸಮಾಜದಲ್ಲಿ ಮೂರು ಅಂತಸ್ತುಗಳಿವೆ. ಮರಂಬಾ ಅಂದರೆ ಅರಸು ಮನೆತನದವರು. ನಡುವೆ ಸ್ವತಂತ್ರ ಕುಲದವರು. ಕೆಳಗೆ ಆತಾ, ಅರಸು ಮನೆಗಳಿಗೆ ತಲೆತಲಾಂತರದಿಂದ ದುಡಿಯುವವರು. ಕಾಗದದ ಮೇಲೆ ಇದು ಯಾವತ್ತೋ ಮುಗಿದಿದೆ. ಊಟಕ್ಕೆ ಯಾರು ಮೊದಲು ಕೂರುತ್ತಾರೆ, ನೀರು ಯಾರು ಹೊರುತ್ತಾರೆ ಅಂತ ನೋಡಿದರೆ ಮುಗಿದಿಲ್ಲ ಅಂತ ತಿಳಿಯುತ್ತದೆ. ನೆಲದ ಮಾತು ಆಡುವುದು, ಸಹಿ ಹಾಕುವುದು ಮೇಲಿನವರು. ಅದೇ ನೆಲದಲ್ಲಿ ಜೋಳ ಬಿತ್ತುವವರು, ಕುದುರೆ ಮೇಯಿಸುವವರು ಬೇರೆ. ಮಾರಿದ ದುಡ್ಡು ಅವರ ಕೈಗೆ ಬರುವುದಿಲ್ಲ, ಮೇಯಿಸುವ ಗುಡ್ಡ ಮಾತ್ರ ಹೋಗುತ್ತದೆ. ಜಾತಿಯ ಊರುಗಳಲ್ಲಿ ಬೆಳೆದ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಪಶ್ಚಿಮ ಸುಂಬಾದ ಒಂದು ರೆಸಾರ್ಟಿಗೆ 2016 ಮತ್ತು 2017ರಲ್ಲಿ ಅಮೆರಿಕದ ಪ್ರವಾಸಿ ಪತ್ರಿಕೆಯೊಂದು ಜಗತ್ತಿನ ಅತ್ಯುತ್ತಮ ಹೋಟೆಲ್ ಅಂತ ಪಟ್ಟ ಕೊಟ್ಟಿತು. ಹೊರಗಿನ ಹೂಡಿಕೆದಾರರ ಕಣ್ಣು ಆ ಕರಾವಳಿಯ ಮೇಲೆ ಇನ್ನಷ್ಟು ಬಿತ್ತು. 2018ರ ಏಪ್ರಿಲ್‌ನಲ್ಲಿ ಲಂಬೊಯಾ ಸೀಮೆಯ ಮರೋಸಿ ಕಡಲತೀರದಲ್ಲಿ ವಿವಾದದ ಜಾಗವೊಂದನ್ನು ಅಳೆಯಲು ಅಧಿಕಾರಿಗಳು ಪೊಲೀಸರ ಜೊತೆ ಬಂದರು. ಊರಿನವರು ತಡೆದರು. ಗದ್ದಲದಲ್ಲಿ ಗುಂಡು ತಗಲಿ ರೈತರೊಬ್ಬರು ಸತ್ತರು. "ಸಮುದ್ರದ ಪಕ್ಕ ಜಾಗಕ್ಕೆ ಎಷ್ಟು?" ಅಂತ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಸಾವು. ಬೆಲೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಸರಿ, ಕೊಳ್ಳುವುದು ಬೇಡ, ಬಂದು ನೋಡಬಹುದಾ? ಖಂಡಿತ ಬನ್ನಿ. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರಿಂದ ನೇರ ವಿಮಾನವಿದೆ. ಅಲ್ಲಿಂದ ಪೂರ್ವಕ್ಕೆ ಹೋಗುವವರು ವಾಯಿಂಗಾಪುವಿಗೆ, ಪಶ್ಚಿಮಕ್ಕೆ ಹೋಗುವವರು ತಂಬೊಲಾಕಾಕ್ಕೆ ವಿಮಾನ ಹಿಡಿಯಬೇಕು. ಒಂದು, ಒಂದೂವರೆ ಗಂಟೆಯ ಹಾರಾಟ. ಸಮಯ ಇದ್ದರೆ ಸಮುದ್ರದ ಮೇಲೆ ಬನ್ನಿ. ಸುಂಬಾವಾ ದ್ವೀಪದ ಸಾಪೆಯಿಂದ ಸುಂಬಾದ ಪಶ್ಚಿಮದ ವಾಯ್ಕೆಲೊ ಬಂದರಿಗೆ ಫೆರಿ ಇದೆ. ಫ್ಲೋರೆಸ್‌ನ ಎಂಡೆಯಿಂದ ವಾಯಿಂಗಾಪುವಿಗೂ ಇದೆ. ಸರ್ಕಾರಿ ಕಂಪನಿ ಪೆಲ್ನಿಯ ದೊಡ್ಡ ಹಡಗೂ ವಾಯಿಂಗಾಪು ಬಂದರಿಗೆ ಬರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪಶ್ಚಿಮದ ಗಾಳಿ, ದೊಡ್ಡ ಅಲೆ. ಆಗ ಫೆರಿ ನಿಂತರೆ ದಿನಗಟ್ಟಲೆ ಕಾಯಬೇಕು. ಎಂಡೆಯಲ್ಲಿ ಸಿಕ್ಕಿಹಾಕಿಕೊಂಡರೆ ಬೇಸರ ಬೇಡ. ಡಚ್ಚರು 1934ರಿಂದ 1938ರವರೆಗೆ ಸುಕರ್ನೊ ಅವರನ್ನು ಗಡೀಪಾರು ಮಾಡಿ ಇಟ್ಟಿದ್ದು ಅದೇ ಊರಿನಲ್ಲಿ. ಆ ಮನೆ ಈಗಲೂ ಇದೆ. ಆ ಭೂಕಾಯ್ದೆಗೆ ಸಹಿ ಹಾಕಿದವರು ಇಂಥ ಸಣ್ಣ ಮನೆಯಲ್ಲಿದ್ದರಾ ಅನಿಸುತ್ತದೆ.

ವಾಯಿಂಗಾಪುವಿನಿಂದ ಮುಂದೆ ಹಲಗೆಯ ಬೆಂಚು ಹಾಕಿದ ಲಾರಿ, ಇಲ್ಲವೇ ಬಾಡಿಗೆ ಬೈಕು. ಲಾರಿಯಲ್ಲಿ ಅಕ್ಕಿ ಮೂಟೆ, ಕೋಳಿ, ಹಂದಿ, ಶಾಲೆಯ ಮಕ್ಕಳು, ಎಲ್ಲ ಒಟ್ಟಿಗೆ. ಮುಖ್ಯ ರಸ್ತೆ ಚೆನ್ನಾಗಿದೆ. ಒಳಗೆ ತಿರುಗಿದ ಮೇಲೆ ಮಳೆಗಾಲದಲ್ಲಿ ಹಳ್ಳ ಬಂದರೆ ಇಳಿಯುವವರೆಗೆ ನಿಲ್ಲಬೇಕು.

ಬದುಕು ಸುಲಭದ್ದಲ್ಲ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಪೂರ್ವ ಸುಂಬಾದಲ್ಲಿ ಮಳೆಯೇ ಅಪರೂಪ. ನೀರು ದೂರದಿಂದ ತರಬೇಕು. ತರುವವರು ಹೆಂಗಸರು, ಮಕ್ಕಳು. ಅತಿಥಿಗೆ ಸ್ನಾನಕ್ಕೆ ಒಂದು ಬಕೆಟ್ ನೀರು ಇಟ್ಟರೆ ಅದನ್ನು ಹೊತ್ತವರನ್ನು ನೆನೆದು ಬಳಸಿ. ಮಲೇರಿಯಾ ಇದೆ, ಸೊಳ್ಳೆಪರದೆ ಇಲ್ಲದೆ ಮಲಗಬೇಡಿ. ಹೊರಡುವ ಮೊದಲು ಡಾಕ್ಟರನ್ನು ಕೇಳಿಕೊಳ್ಳಿ. ಸಣ್ಣ ಆರೋಗ್ಯ ಕೇಂದ್ರ ಹೋಬಳಿಗೆ ಒಂದರಂತೆ ಇದೆ, ದೊಡ್ಡ ಕಾಯಿಲೆಗೆ ಪಟ್ಟಣಕ್ಕೇ ಹೋಗಬೇಕು. ರಾತ್ರಿ ಉಳಿಯುವವರು 24 ಗಂಟೆಯೊಳಗೆ ಊರಿನ ಮುಖ್ಯಸ್ಥರಿಗೆ ಹೇಳಬೇಕು ಅನ್ನುವ ಪದ್ಧತಿ ಇದೆ. ತಪ್ಪಿಸಬೇಡಿ.

ಹೋಗುವಾಗ ಅಡಿಕೆ ತೆಗೆದುಕೊಂಡು ಹೋಗಿ. ವಾಯಿಂಗಾಪು ಸಂತೆಯಲ್ಲೇ ಸಿಗುತ್ತದೆ. ಮನೆಗೆ ಬಂದವರಿಗೆ ಅವರು ಮೊದಲು ಕೊಡುವುದು ಅಡಿಕೆ, ಸುಣ್ಣ, ಜೊತೆಗೆ ವೀಳ್ಯದ ಬಳ್ಳಿಯ ಉದ್ದನೆಯ ಕಾಯಿ. ಎಲೆಯ ಬದಲು ಆ ಕಾಯಿಯನ್ನೇ ಅಗಿಯುತ್ತಾರೆ. ಜಗಲಿಯಲ್ಲಿ ಕೂತು ಅಡಿಕೆ ಹಾಕಿಕೊಳ್ಳದೆ ಯಾವ ಮಾತೂ ಶುರುವಾಗುವುದಿಲ್ಲ. ಮಲೆನಾಡಿನವರಿಗೆ ಅಲ್ಲಿ ಎರಡೇ ನಿಮಿಷಕ್ಕೆ ಮನೆಯ ಹಾಗೆ ಅನಿಸುತ್ತದೆ.

ಊರಿನಲ್ಲಿ ಸಾವಾಗಿದ್ದರೆ ಅಚ್ಚರಿ ಪಡಬೇಡಿ. ದೇಹವನ್ನು ಬಟ್ಟೆಗಳಲ್ಲಿ ಸುತ್ತಿ ಮನೆಯಲ್ಲೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಟ್ಟಿರುತ್ತಾರೆ. ನೆಂಟರೆಲ್ಲ ಸೇರಬೇಕು, ಎಮ್ಮೆ, ಕುದುರೆ, ಹಂದಿ ಹೊಂದಿಸಬೇಕು. ಆಮೇಲೇ ಮಣ್ಣು. ಈ ಖರ್ಚಿಗೆ ಮಾಡಿದ ಸಾಲ ತೀರಿಸಲು ನೆಲ ಮಾರಬೇಕಾಗಿ ಬರುವುದೂ ಇದೆ. ಕಡಿಮೆ ಬೆಲೆಗೆ ಜಾಗ ಸಿಕ್ಕಿತು ಅಂತ ಯಾರಾದರೂ ಹೇಳಿದರೆ, ಮಾರಿದವರ ಮನೆಯಲ್ಲಿ ಏನಾಗಿತ್ತು ಅಂತ ನಾನು ಕೇಳುತ್ತೇನೆ.

"ಹಾಗಿದ್ದರೆ ನೀವು ಅಲ್ಲಿ ಎಲ್ಲಿರುತ್ತೀರಿ?" ಅಂತ ಕೊನೆಗೆ ಕೇಳುತ್ತಾರೆ. ನೇಕಾರರ ಮನೆಯಲ್ಲಿ ಒಂದು ಕೋಣೆ. ಬಾಡಿಗೆ ಎಷ್ಟು ಅಂತ ಆ ಮನೆಯವರೇ ಹೇಳುತ್ತಾರೆ. ನನಗೆ ಅಷ್ಟು ಸಾಕು.

ನಿಮ್ಮ ದುಡ್ಡು ಆ ಊರಿಗೆ ಹೋಗಲಿ ಅಂತ ಮನಸ್ಸಿದ್ದರೆ ಬಟ್ಟೆ ಕೊಳ್ಳಿ. ಗಂಡಸರು ಉಡುವ, ಹೊದೆಯುವ ಹಿಂಗಿ, ಹೆಂಗಸರು ಉಡುವ ಲಾವು. ನೂಲಿಗೆ ಗಂಟು ಕಟ್ಟಿ, ನೀಲಿಯಲ್ಲಿ ಅದ್ದಿ, ಬಿಚ್ಚಿ, ಮತ್ತೆ ಕಟ್ಟಿ, ನೋನಿ ಗಿಡದ ಬೇರಿನ ಕೆಂಪಿನಲ್ಲಿ ಅದ್ದುತ್ತಾರೆ. ಒಂದು ಒಳ್ಳೆಯ ಬಟ್ಟೆ ಮುಗಿಯಲು ತಿಂಗಳುಗಳು ಬೇಕು. ಕುದುರೆ, ಜಿಂಕೆ, ಮೊಸಳೆಗಳ ನಡುವೆ ಕೆಲವು ಬಟ್ಟೆಗಳಲ್ಲಿ ಗುಜರಾತಿನ ಪಟೋಲದ ಹೂವೂ ಕಾಣುತ್ತದೆ. ಹಡಗಿನ ವ್ಯಾಪಾರದಲ್ಲಿ ಅಲ್ಲಿಗೆ ತಲುಪಿ, ಅರಸು ಮನೆಗಳ ಗುರುತಾಗಿ ಉಳಿದ ಚಿತ್ತಾರ ಅದು. ಬೆಲೆ ಲಕ್ಷಗಟ್ಟಲೆ ರುಪಿಯಾ ಹೇಳಿದರೆ ಗಾಬರಿಯಾಗಬೇಡಿ, ಬಾಲಿಯ ಸಂತೆಯ ಹಾಗೆ ಅರ್ಧಕ್ಕೆ ಕೇಳಬೇಡಿ. ಆದರೆ ಒಂದು ಮಾತು ಕೇಳಲೇಬೇಕು. ಬಟ್ಟೆ ಬಿಚ್ಚಿ ತೋರಿಸುವವರೇ ನೇಯ್ದವರಾಗಿರಬೇಕು ಅಂತೇನಿಲ್ಲ. ನೂಲು ಕಟ್ಟಿದ್ದು ಯಾರು, ಬಣ್ಣ ಹಾಕಿದ್ದು ಯಾರು, ನೇಯ್ದದ್ದು ಯಾರು ಅಂತ ಕೇಳಿ. ಸಾಮಾನ್ಯವಾಗಿ ಅವರು ಆ ಮನೆಯ ಹಿಂದೆಯೇ ಎಲ್ಲೋ ಇರುತ್ತಾರೆ. ಅವರನ್ನು ಕರೆಸಿ, ಮಾತಾಡಿಸಿ, ಅವರ ಪಾಲು ಎಷ್ಟು ಅಂತ ಅವರ ಎದುರಿಗೇ ಕೇಳಿ, ಆಮೇಲೆ ದುಡ್ಡು ಕೊಡಿ.