ಮಾಡಿದಷ್ಟು ನೀಡು ಭಿಕ್ಷೆ

ನಮ್ಮ ಚಿತ್ರದುರ್ಗ, ಚಳ್ಳಕೆರೆ ಕಡೆ ಈ ಮಾತು ಗೊತ್ತಿಲ್ಲದವರೇ ಇಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಮಾತು. ದುಡಿದಷ್ಟಕ್ಕೆ ಸರಿಯಾಗಿ ಕೊಡು ಅಂತ. ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಸ್ವಾಮಿ ಅಲ್ವಾ, ಮಣ್ಣು ಹೊರುವವರ ಕಷ್ಟ ಚೆನ್ನಾಗಿ ಗೊತ್ತಿತ್ತು.

ಶನಿವಾರ ಸಂಜೆ ನಮ್ಮ ಬೀದಿಯಲ್ಲಿ ಕಟ್ಟುತ್ತಿರುವ ಮನೆ ಹತ್ತಿರ ಬಟವಾಡೆ ನಡೆಯುತ್ತಿತ್ತು. ಅದೇ ಮರಳು, ಅದೇ ಜಲ್ಲಿ ಹೊತ್ತ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಒಬ್ಬ ಅಕ್ಕನ ಬೆರಳ ಸಂದಿಯಲ್ಲೆಲ್ಲ ಸಿಮೆಂಟ್ ತಿಂದು ಚರ್ಮ ಬಿರಿದಿತ್ತು. ಆ ಕೈಯಲ್ಲೇ ನೋಟು ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಯಾಕಕ್ಕ, ನಿಮಗೆ ಕಮ್ಮಿ?" ಅಂದೆ. "ಹೆಣ್ಣಾಳಿಗೆ ಇಷ್ಟೇ ಕಣಪ್ಪ" ಅಂದರು. ಮೇಸ್ತ್ರಿಯ ಬೈಕ್ ಮೇಲೆ ಸ್ವಾಮಿಯ ಫೋಟೋ ಇತ್ತು. ನಿಜಕ್ಕೂ ಸಂಕಟ ಆಯಿತು.

ಒಂದೇ ಕೆಲಸಕ್ಕೆ ಹೆಣ್ಣು ಗಂಡು ಅಂತ ಕೂಲಿ ಬೇರೆ ಮಾಡಬಾರದು ಎಂಬ ಕಾನೂನು 1976ರಲ್ಲೇ ಬಂದಿದೆ. ಸ್ವಾಮಿಯ ಮಾತು ಅದಕ್ಕಿಂತ ಎಷ್ಟೋ ಹಳೆಯದು.

ಫಾಲ್ಗುಣದ ತೇರಿಗೆ ಜನಸಾಗರವೇ ಸೇರುತ್ತದೆ. ಕೊಬ್ಬರಿ ಸುಡುತ್ತೇವೆ. ತೇರಿಗೆ ಕಟ್ಟುವ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತದೆ. ಆ ಭಕ್ತಿ ಸುಳ್ಳಲ್ಲ, ನನಗೂ ಇದೆ. ಆದರೆ ಸ್ವಾಮಿ ನಮ್ಮಿಂದ ಕೇಳಿದ್ದು ತುಂಬಾ ಸರಳ, ಅದನ್ನೇ ಬಿಟ್ಟಿದ್ದೇವೆ. ದೇವಸ್ಥಾನಕ್ಕೆ ಹೋಗದವರೂ ಅದನ್ನು ಪಾಲಿಸಬಹುದು.

ಮನೆ ಕಟ್ಟಿಸುತ್ತಿರುವವರು ಮೇಸ್ತ್ರಿಗೆ ದುಡ್ಡು ಕೊಟ್ಟು ಸುಮ್ಮನಾಗಬೇಡಿ. ಹೆಣ್ಣಾಳುಗಳಿಗೆ ಎಷ್ಟು ಕೊಡುತ್ತೀಯಪ್ಪ ಅಂತ ಈ ಶನಿವಾರ ಒಂದು ಮಾತು ಕೇಳಿ.